ಹಿರಿಯರಿಗೆ ನೀರು

ಫೋನ್ ಬಂದಾಗ ರಾತ್ರಿ 11.40. ಅವತ್ತು ಡಯಾಲಿಸಿಸ್ ಮುಗಿಸಿ ಬಂದು, ಎರಡು ತುತ್ತು ಉಂಡು, ಸುಸ್ತಾಗಿ ಮಲಗಿದ್ದೆ. ಹೆಂಡತಿ ಫೋನ್ ಎತ್ತಿ ನನ್ನ ಕಿವಿಗೆ ಹಿಡಿದಳು. ಆ ಕಡೆ ಬೆಂಗಳೂರಿನ ಆಸ್ಪತ್ರೆಯ ಕೋ-ಆರ್ಡಿನೇಟರ್ ಮೇಡಂ.

"ಸಾರ್, ಒಂದು ಕಿಡ್ನಿ ಬಂದಿದೆ. ನಿಮ್ಮ ಗ್ರೂಪಿಂದೇ. ಇನ್ಮೇಲೆ ನೀರೂ ಕುಡಿಯಬೇಡಿ. ಡಾಕ್ಟರ್ ಮಾತಾಡ್ತಾರೆ."

ಡಾಕ್ಟರ್ ಸುತ್ತಿ ಬಳಸಿ ಹೇಳುವವರಲ್ಲ. "ನೋಡಿ, ಡೋನರ್‌ಗೆ 58 ವರ್ಷ. ಎಂಟು ವರ್ಷದಿಂದ ಬಿಪಿ ಮಾತ್ರೆ ತಗೋತಿದ್ರು. ಮೆದುಳಲ್ಲಿ ರಕ್ತಸ್ರಾವ ಆಗಿ ಹೋಗಿದಾರೆ. ಆಸ್ಪತ್ರೆಗೆ ಬಂದಾಗ ಕ್ರಿಯಾಟಿನಿನ್ 1.1 ಇತ್ತು, ಈಗ 1.6 ಆಗಿದೆ. ಎಳೇ ಕಿಡ್ನಿ ಅಲ್ಲ ಇದು. ಆದ್ರೆ ನಿಮಗೆ ಆಗುತ್ತೆ ಅಂತ ನನಗನ್ಸುತ್ತೆ. ಅರ್ಧ ಗಂಟೆ ಟೈಮಿದೆ, ಯೋಚನೆ ಮಾಡಿ ಹೇಳಿ."

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ. ಆ ನಂಬರು ಏರಿದಷ್ಟೂ ಕಿಡ್ನಿ ಸೋತಿದೆ ಅಂತ ಅರ್ಥ.

ಅರ್ಧ ಗಂಟೆ! ನನ್ನ ಮಗಳು ಒಂದು ಮೊಬೈಲ್ ಕೊಳ್ಳೋಕೆ ಎರಡು ತಿಂಗಳು ಯೋಚಿಸಿದ್ದಳು.

ಇದು 2022ರ ನವೆಂಬರ್ ಮಾತು. ನನಗಾಗ 49. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಇಪ್ಪತ್ತೆರಡು ವರ್ಷ ಅದೇ ಮಂಡಿ, ಅದೇ ಮೇಜು. ಬಿಪಿ ಇರುವುದು ಗೊತ್ತೇ ಇರಲಿಲ್ಲ. ಕಾಲು ಊದಿಕೊಂಡು ಪರೀಕ್ಷೆ ಮಾಡಿಸಿದಾಗ ಎರಡೂ ಕಿಡ್ನಿ ಮುದುಡಿ ಹೋಗಿದ್ದವು. ಮೂರು ವರ್ಷ ಎಂಟು ತಿಂಗಳು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಡಯಾಲಿಸಿಸ್. ದಿನಕ್ಕೆ ಅಳೆದು ಮುಕ್ಕಾಲು ಲೀಟರ್ ನೀರು. ಬೇಸಿಗೆಯಲ್ಲಿ ಬಾಯಿಗೆ ಐಸ್ ತುಂಡು ಇಟ್ಟುಕೊಂಡು ಕೂರುತ್ತಿದ್ದೆ. ಆ ಕಥೆ ಇಲ್ಲಿಗೆ ಸಾಕು.

ಹೆಂಡತಿ ಮೊದಲ ತಿಂಗಳೇ "ನಂದು ತಗೊಳ್ಳಿ" ಅಂದಿದ್ದಳು. ಗ್ರೂಪ್ ಸರಿ ಇತ್ತು. ಪರೀಕ್ಷೆ ಶುರುವಾದ ಎರಡನೇ ದಿನ ಅವಳಿಗೆ ಶುಗರ್ ಇರುವುದು ಗೊತ್ತಾಯಿತು. ಮೂರು ತಿಂಗಳ ಸರಾಸರಿ 6.9. ಅವಳಿಗೆ ಅದು ಆವರೆಗೂ ಗೊತ್ತಿರಲಿಲ್ಲ. ಡಾಕ್ಟರ್ ಅವತ್ತು ಹೇಳಿದ ಮಾತು ಇನ್ನೂ ನೆನಪಿದೆ: "ಇವರ ಕಿಡ್ನಿ ನಿಮಗೆ ಚೆನ್ನಾಗೇ ಕೆಲಸ ಮಾಡಬಹುದು. ಆದ್ರೆ ಹತ್ತು ಹದಿನೈದು ವರ್ಷ ಆದ್ಮೇಲೆ ಇವರು ನಿಮ್ಮ ಡಯಾಲಿಸಿಸ್ ಬೆಡ್‌ನಲ್ಲಿ ಮಲಗಬಾರದಲ್ವಾ?" ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಅತ್ತಳು. ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಹಾಕಿಸಿಕೊಂಡಿಲ್ಲ.

ಹಾಗಾಗಿ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದೆವು. ಮೆದುಳು ನಿಷ್ಕ್ರಿಯವಾದವರ ಅಂಗಗಳನ್ನು ಹಂಚುವ ಕೆಲಸ ನಮ್ಮ ರಾಜ್ಯದಲ್ಲಿ ಅವರದ್ದು. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದಾಗ ಮನೆಯವರು ಅಂಗದಾನ ಮಾಡಿದರಲ್ಲ, ಆಮೇಲೆ ನಮ್ಮ ಕಡೆ ಹಳ್ಳಿಯವರ ಬಾಯಲ್ಲೂ ಈ ಮಾತು ಬರತೊಡಗಿತು. ಆದರೂ 2023ರಲ್ಲಿ ಇಡೀ ಕರ್ನಾಟಕಕ್ಕೆ ಇಂಥ ದಾನಿಗಳು 178 ಮಂದಿ. ಒಬ್ಬರಿಗೆ ಎರಡರಂತೆ ಎಲ್ಲ ಕಿಡ್ನಿಯೂ ಸರಿಯಿದ್ದರೂ 356. ಕಾಯುವವರು ಸಾವಿರಗಟ್ಟಲೆ. ಮಂಡಿಯವನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮುಂಚೆ ಒಂದು ಸಲ ಕರೆ ಬಂದಿತ್ತು. ಡೋನರ್ 24ರ ಹುಡುಗ, ಬೈಕ್ ಅಪಘಾತ. ನಾನು ರಿಸರ್ವ್. ಮೊದಲಿನವರಿಗೆ ಕ್ರಾಸ್‌ಮ್ಯಾಚ್, ಅಂದರೆ ದಾನಿಯ ಜೊತೆ ರಕ್ತದ ಹೊಂದಾಣಿಕೆ, ಆಗದಿದ್ದರೆ ನನಗೆ. ಅವರಿಗೆ ಆಯಿತು. ಬೆಳಗ್ಗೆ ಇಡ್ಲಿ ತಿಂದು ವಾಪಸ್ ಬಸ್ ಹತ್ತಿದೆ. ಅವತ್ತಿನಿಂದ ನನ್ನ ತಲೆಯಲ್ಲಿ ಕಿಡ್ನಿ ಅಂದರೆ 24ರ ಕಿಡ್ನಿ. ಆ ಆಸೆಯ ಇನ್ನೊಂದು ಮುಖ ಬಹಳ ದಿನ ಆದಮೇಲೆ ಹೊಳೆಯಿತು. ಎಳೇ ಕಿಡ್ನಿ ಬರಲಿ ಅಂತ ಕಾಯುವುದೆಂದರೆ ಯಾರದೋ ಮನೆಯ ಹುಡುಗ ಹೋಗಲಿ ಅಂತ ಕಾದ ಹಾಗೆ ತಾನೇ? ಹೊಳೆದಾಗ ನಾಚಿಕೆಯಾಯಿತು. ಆದರೆ ಆಸೆ ಹೋಗಲಿಲ್ಲ.

ಆ ಅರ್ಧ ಗಂಟೆಗೆ ಬರುತ್ತೇನೆ. ಹೆಂಡತಿ ಅಂದಳು, "58 ಒಂದು ವಯಸ್ಸಾ ರೀ? ನಮ್ಮಪ್ಪ 78ರಲ್ಲೂ ತೋಟಕ್ಕೆ ಹೋಗ್ತಾರೆ." ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆವು. ನಿದ್ದೆಗಣ್ಣಲ್ಲೇ ಅಂದಳು, "ಅಪ್ಪ, ಕಿಡ್ನಿ ವಯಸ್ಸು ನೋಡ್ತಾ ಕೂತ್ಕೋಬೇಡ. ಇನ್ನೂ ಮೂರು ವರ್ಷ ಡಯಾಲಿಸಿಸ್ ಮಾಡಿಸಿದ್ರೆ ನಿನ್ನ ಹಾರ್ಟ್ ಯಾವ ಸ್ಥಿತೀಲಿ ಇರುತ್ತೆ, ಅದನ್ನ ನೋಡು."

12.05ಕ್ಕೆ ಹೂಂ ಅಂದೆ. ಪಕ್ಕದ ಮನೆ ಹುಡುಗನ ಕಾರು. ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು, ನೆಲಮಂಗಲ. ದಾರಿಯುದ್ದಕ್ಕೂ ನಾನು ಒಂದೇ ಯೋಚಿಸುತ್ತಿದ್ದೆ, ಕೊಬ್ಬರಿ.

ನಗಬೇಡಿ. ನಮ್ಮ ಉಂಡೆ ಕೊಬ್ಬರಿ ಹೇಗಾಗುತ್ತೆ ಗೊತ್ತಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗೊಟಗೊಟ ಅನ್ನುತ್ತದೆ. ಆ ಸದ್ದು ಕೇಳಿ ಹಳಬರು ಹೇಳುತ್ತಾರೆ, ಇದು ಒಳ್ಳೇದು, ಇದು ಕಮಟು. ಬಹಳ ಸಲ ಸರಿ ಹೇಳುತ್ತಾರೆ. ಕೆಲವು ಸಲ ಒಡೆದಾಗ ಮುಖ ಸಪ್ಪಗಾಗುತ್ತದೆ. ವಯಸ್ಸು, ಬಿಪಿ, ಕ್ರಿಯಾಟಿನಿನ್ ಅಂತ ಡಾಕ್ಟರ್ ಹೇಳಿದ್ದೆಲ್ಲ ಈ ಅಲ್ಲಾಡಿಸಿ ಕೇಳುವ ಸದ್ದೇ ಅಂತ ಅನ್ನಿಸುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಆಪರೇಷನ್ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ನಾನು ಮಲಗಿದ್ದೆ. ಎದ್ದಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಹೊಲಿಗೆ. ಹಳೆಯ ಎರಡು ಕಿಡ್ನಿ ಅಲ್ಲೇ ಹಿಂದೆ ಇವೆ, ಅವನ್ನು ತೆಗೆಯುವುದಿಲ್ಲ. ಎಲ್ಲರ ಕಣ್ಣೂ ಮಂಚಕ್ಕೆ ನೇತುಹಾಕಿದ್ದ ಯೂರಿನ್ ಬ್ಯಾಗ್ ಮೇಲೆ. ಮೊದಲ ದಿನ 150 ಎಂ.ಎಲ್. ಎರಡನೇ ದಿನ 120. ಮೂರನೇ ದಿನ ಮತ್ತೆ ಡಯಾಲಿಸಿಸ್ ಯಂತ್ರ ತಂದು ಪಕ್ಕಕ್ಕೆ ನಿಲ್ಲಿಸಿದರು. ಆ ಯಂತ್ರದ ಸದ್ದು ಕೇಳಿದಾಗ ಆದ ಸಂಕಟ ಆಪರೇಷನ್ ನೋವಿಗಿಂತ ಜಾಸ್ತಿ.

ನೋಡಲು ಬಂದ ನೆಂಟರೊಬ್ಬರು ಗಾಜಿನ ಆಚೆ ನಿಂತು ಹೆಂಡತಿಗೆ ಹೇಳಿದರಂತೆ, "ಮುದುಕರ ಕಿಡ್ನಿಗೆ ಯಾಕೆ ಒಪ್ಕೊಂಡ್ರಿ? ದುಡ್ಡು ಕೊಟ್ರೆ ಹುಡುಗರದ್ದೇ ಸಿಗುತ್ತೆ." ನಮಗೂ ಮೊದಲು ಒಬ್ಬ ಹಾಗಂತ ಫೋನ್ ಮಾಡಿದ್ದ. ಕಿಡ್ನಿ ಮಾರುವುದು ಕೊಳ್ಳುವುದು 1994ರ ಕಾನೂನಿನ ಪ್ರಕಾರ ಅಪರಾಧ, ಅದು ಒಂದು ಮಾತು. ಇನ್ನೊಂದನ್ನು ಮಂಡಿಯವನಾಗಿ ಹೇಳುತ್ತೇನೆ. ದುಡ್ಡಿನ ಕಷ್ಟಕ್ಕೆ ಮಾರುವವನು ತನಗಿರುವ ಕಾಯಿಲೆ ಹೇಳುತ್ತಾನಾ? ಮಾರುವವನ ಬಾಯಿಂದ ಮಾಲಿನ ದೋಷ ಕೇಳಿದ್ದು ನನಗಂತೂ ನೆನಪಿಲ್ಲ.

ಎಂಟನೇ ದಿನ ಹೊಸ ಕಿಡ್ನಿಗೆ ಸೂಜಿ ಹಾಕಿ ಬಯಾಪ್ಸಿ ತೆಗೆದರು. ರಿಜೆಕ್ಷನ್, ಅಂದರೆ ನನ್ನ ಮೈ ಹೊಸ ಕಿಡ್ನಿಯನ್ನು ಒಪ್ಪದಿರುವುದು, ಇರಲಿಲ್ಲ. ಒಳಗಿನ ಸಣ್ಣ ಕೊಳವೆಗಳಿಗೆ ಪೆಟ್ಟಾಗಿ ಅವು ಕೆಲಸ ನಿಲ್ಲಿಸಿವೆ, ಮತ್ತೆ ಚಿಗುರುತ್ತವೆ ಅಂದರು. ಜೊತೆಗೆ ಇನ್ನೊಂದು ಸಾಲು ರಿಪೋರ್ಟಿನಲ್ಲಿತ್ತು. ರಕ್ತನಾಳಗಳ ಗೋಡೆ ದಪ್ಪಗಾಗಿದೆ, ಇದು ಡೋನರ್ ಕಡೆಯಿಂದ ಬಂದದ್ದು ಅಂತ. ಅಂದರೆ ಯಾರೋ ಒಬ್ಬರು ಎಂಟು ವರ್ಷ ಅನುಭವಿಸಿದ ಬಿಪಿಯ ಗುರುತು ಈಗ ನನ್ನ ಹೊಟ್ಟೆಯೊಳಗಿದೆ. ಅವರು ಮಾತ್ರೆ ಸರಿಯಾಗಿ ನುಂಗಿದ್ದರಾ? ನನ್ನಂತೆ ಉಪ್ಪಿನಕಾಯಿ ಇಷ್ಟವಾ? ಮಲಗಿದಲ್ಲೇ ಇಂಥದ್ದನ್ನೆಲ್ಲ ಯೋಚಿಸುತ್ತಿದ್ದೆ.

ಒಟ್ಟು ನಾಲ್ಕು ಡಯಾಲಿಸಿಸ್ ಆಯಿತು. ಹನ್ನೊಂದನೇ ದಿನ 600 ಎಂ.ಎಲ್. ಮಾರನೇ ದಿನ 1,400. ಅದರ ಮಾರನೇ ದಿನ ಮೂರು ಲೀಟರ್. ಬ್ಯಾಗ್ ಖಾಲಿ ಮಾಡುವ ಆಯಾ "ಸಾರ್, ಕೆರೆ ಕೋಡಿ ಬಿತ್ತು" ಅಂದರು.

ಆಮೇಲೆ ಮೂರು ತಿಂಗಳು ಮನೆಯಲ್ಲಿ ಒಂದೇ ಕೋಣೆ, ಮಾಸ್ಕು. ಮಾಡಲು ಕೆಲಸವಿಲ್ಲ. ಮಗಳು ಫೋನಿನಲ್ಲಿ ಓದಿ ಹೇಳುವಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ಆ ನೋಟ್‌ಬುಕ್ ಈಗಲೂ ಎದುರಿಗಿದೆ. ಅದರಿಂದ ಕೆಲವನ್ನು ಬರೆಯುತ್ತೇನೆ.

ನನಗೆ ಬಂದಂಥ ಕಿಡ್ನಿಗೆ ಅಮೆರಿಕದವರು 2002ರಲ್ಲೇ ಒಂದು ಗುಂಪು ಮಾಡಿಟ್ಟಿದ್ದರು. ದಾನಿ 60 ದಾಟಿದ್ದರೆ ಆ ಗುಂಪು. 50ರಿಂದ 59 ಆಗಿದ್ದು, ಬಿಪಿ ಇರುವುದು, ಮೆದುಳಿನ ರಕ್ತನಾಳದ ತೊಂದರೆಯಿಂದ ಸತ್ತಿರುವುದು, ಕೊನೆಯ ಕ್ರಿಯಾಟಿನಿನ್ 1.5 ಮೀರಿರುವುದು, ಈ ಮೂರರಲ್ಲಿ ಎರಡಿದ್ದರೂ ಅದೇ ಗುಂಪು. ನಮ್ಮವರಿಗೆ, ಅಂದರೆ ನನ್ನ ದಾನಿಗೆ, ಮೂರಕ್ಕೆ ಮೂರೂ ಇತ್ತು. ಇಂಥ ಕಿಡ್ನಿ ಕೈಕೊಡುವ ಅಪಾಯ, ತೊಂದರೆಯಿಲ್ಲದ ದಾನಿಯ ಕಿಡ್ನಿಗಿಂತ 70 ಪರ್ಸೆಂಟ್ ಜಾಸ್ತಿ ಅಂತ ಲೆಕ್ಕ. ಕೇಳಿ ಎದೆ ಧಸಕ್ಕೆಂದಿತು. ಆಮೇಲೆ ಲೆಕ್ಕದವನ ಬುದ್ಧಿ ಬಂತು. ಯಾವುದರ ಮೇಲೆ 70? ನೂರರಲ್ಲಿ ಹತ್ತು ಕೆಡುವ ಕಡೆ ಹದಿನೇಳು ಕೆಡುತ್ತವೆ ಅಂದುಕೊಂಡರೆ, ಎಂಬತ್ತಮೂರು ಉಳಿಯುತ್ತವಲ್ಲ. ಉದಾಹರಣೆಗೆ ಹೇಳಿದ್ದು, ಆದರೆ ಲೆಕ್ಕ ಹೀಗೇ ಓದಬೇಕು.

ಈಗ ಅಲ್ಲಿ ಇನ್ನೂ ಸಣ್ಣಗೆ ಅಳೆಯುತ್ತಾರೆ. ದಾನಿಯ ವಯಸ್ಸು, ಎತ್ತರ, ತೂಕ, ಬಿಪಿ, ಶುಗರ್, ಸಾವಿನ ಕಾರಣ, ಕ್ರಿಯಾಟಿನಿನ್, ಹೃದಯ ನಿಂತ ಮೇಲೆ ತೆಗೆದದ್ದಾ ಅನ್ನುವುದು, ಎಲ್ಲ ಸೇರಿಸಿ 0ಯಿಂದ 100ರವರೆಗೆ ಒಂದು ನಂಬರು. ಜಾಸ್ತಿ ಬಂದಷ್ಟೂ ಕಿಡ್ನಿ ಬಾಳಿಕೆ ಕಡಿಮೆ. ಮೊದಲು ದಾನಿಯ ಜನಾಂಗವನ್ನೂ ಸೇರಿಸುತ್ತಿದ್ದರು, ಕರಿಯರದ್ದಾದರೆ ನಂಬರು ಕೆಡುತ್ತಿತ್ತು. 2024ರಲ್ಲಿ ಅದನ್ನು ತೆಗೆದರು. ನಮ್ಮವರ ಎತ್ತರ ತೂಕ ನಮಗೆ ಗೊತ್ತಿಲ್ಲ. ಮಗಳು ಅಂದಾಜಿಗೆ ಹಾಕಿ ನೋಡಿದಳು. 85ರ ಆಚೀಚೆ ಬಂತು. "ಇದು ಗುಂಪಿಗೆ ಹೇಳೋ ಮಾತು ಅಪ್ಪ, ಒಬ್ಬೊಬ್ಬರಿಗೆ ಅಲ್ಲ" ಅಂತ ಸೇರಿಸಿದಳು. ಅವಳಿಗೂ ಅಳುಕಿತ್ತು ಅಂತ ಕಾಣುತ್ತೆ.

ನೋಟ್‌ಬುಕ್ಕಿನಲ್ಲಿ ನಾನು ಎರಡು ಗೆರೆ ಎಳೆದಿರುವ ಜಾಗ ಬೇರೆ. 1995ರಲ್ಲಿ ಟೆರಸಾಕಿ ಅನ್ನುವವರು ಮತ್ತು ಜೊತೆಯವರು ಬರೆದದ್ದು. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ 368 ಕಿಡ್ನಿಗಳ ಕಥೆ. ಗಂಡ ಹೆಂಡತಿಗೆ ರಕ್ತಸಂಬಂಧ ಇಲ್ಲವಲ್ಲ, ಹಾಗಾಗಿ ಅಂಗಾಂಶ ಹೊಂದಾಣಿಕೆ ಅಷ್ಟಕ್ಕಷ್ಟೇ. ಆದರೂ ಮೂರು ವರ್ಷದ ನಂತರ 85 ಪರ್ಸೆಂಟ್ ಕೆಲಸ ಮಾಡುತ್ತಿದ್ದವು. ಅಪ್ಪ ಅಮ್ಮ ಕೊಟ್ಟವು 82. ಸತ್ತವರಿಂದ ಬಂದವು 70. ನಾನು ಅಲ್ಲಿಯವರೆಗೆ ಮ್ಯಾಚಿಂಗೇ ಎಲ್ಲ ಅಂದುಕೊಂಡಿದ್ದೆ. ಕಿಡ್ನಿ ಎಂಥ ದೇಹದಿಂದ, ಎಂಥ ಹೊತ್ತಿನಲ್ಲಿ ಹೊರಟು ಬಂತು ಅನ್ನುವುದಕ್ಕೆ ಇಷ್ಟು ತೂಕ ಇದೆ ಅಂತ ಗೊತ್ತಿರಲಿಲ್ಲ.

ಆ "ಎಂಥ ಹೊತ್ತು" ಅನ್ನುವುದನ್ನು ಒಂದು ದಿನ ಓ.ಪಿ.ಡಿ.ಯಲ್ಲಿ ಡಾಕ್ಟರನ್ನೇ ಕೇಳಿದೆ. ಕ್ಯೂ ಕಡಿಮೆ ಇತ್ತು, ಹೇಳಿದರು. ಮೆದುಳು ಸಾಯುವ ಗಳಿಗೆಯಲ್ಲಿ ಮೈಯಲ್ಲಿ ಬಿರುಗಾಳಿ ಎದ್ದ ಹಾಗಾಗುತ್ತದಂತೆ. ಬಿಪಿ ಒಮ್ಮೆಲೇ ಮೇಲೆ ಹೋಗಿ, ಆಮೇಲೆ ಕುಸಿಯುತ್ತದೆ. ನೀರು ಹಿಡಿದಿಡುವ ಹಾರ್ಮೋನು ಮೆದುಳಿನಿಂದ ಬರುವುದು ನಿಂತು, ಗಂಟೆಗೆ ಅರ್ಧ ಲೀಟರಿನಂತೆ ಮೂತ್ರ ಹೋಗಲೂಬಹುದು. ರಕ್ತದಲ್ಲಿ ಸೋಡಿಯಂ ಏರುತ್ತದೆ. ಮೈ ತಣ್ಣಗಾಗುತ್ತದೆ. ಇದೆಲ್ಲದರ ಪೆಟ್ಟು ಕಿಡ್ನಿಗೆ. ನಮ್ಮವರ ಕ್ರಿಯಾಟಿನಿನ್ 1.1ರಿಂದ 1.6ಕ್ಕೆ ಏರಿದ್ದು ಹೀಗೇ. "ಏರಿದ 0.5 ಇದೆಯಲ್ಲ, ಅದರ ಬಗ್ಗೆ ನಂಗೆ ಭಯ ಇರಲಿಲ್ಲ" ಅಂದರು ಡಾಕ್ಟರ್. "ಅದು ಎರಡು ದಿನದ ಪೆಟ್ಟು, ವಾಸಿಯಾಗುತ್ತೆ. ನನ್ನ ಭಯ ಎಂಟು ವರ್ಷದ ಬಿಪಿ ಬಗ್ಗೆ. ಅದು ವಾಸಿಯಾಗಲ್ಲ."

ಈ ಮಾತು ನನಗೆ ಬಹಳ ಸಹಾಯ ಮಾಡಿತು. ಹನ್ನೊಂದು ದಿನ ಕಾಯಿಸಿದ್ದು ಬಹುಮಟ್ಟಿಗೆ ಒಂದು ಕಾರಣಕ್ಕೆ, ಇವತ್ತು ನನ್ನ ಕ್ರಿಯಾಟಿನಿನ್ 1.8ರಲ್ಲೇ ನಿಂತಿರುವುದು ಇನ್ನೊಂದು ಕಾರಣಕ್ಕೆ. ಎರಡನ್ನೂ ಸೇರಿಸಿ ನಾನು ಕಿಡ್ನಿಯನ್ನೇ ಬೈಯುತ್ತಿದ್ದೆ.

ಅವರು ಇನ್ನೊಂದು ಹೇಳಿದರು. ಮನೆಯವರು ಒಪ್ಪಿಗೆ ಕೊಟ್ಟ ಮೇಲೆ ಆಪರೇಷನ್‌ವರೆಗಿನ ಗಂಟೆಗಳಲ್ಲಿ ಐಸಿಯುನಲ್ಲಿ ಆ ದೇಹವನ್ನು ನೋಡಿಕೊಂಡ ನರ್ಸುಗಳ ಕೆಲಸ. ಬಿಪಿ ಹಿಡಿದು ನಿಲ್ಲಿಸುವುದು, ಹೋದಷ್ಟು ನೀರು ತುಂಬುವುದು, ಸೋಡಿಯಂ ನೋಡುವುದು. ಸತ್ತಿದ್ದಾರೆ ಅಂತ ಘೋಷಣೆಯಾದವರ ಬೆಡ್ ಪಕ್ಕ ರಾತ್ರಿಯಿಡೀ ನಿಂತು, ಗಂಟೆಗೊಮ್ಮೆ ಮೂತ್ರ ಅಳೆದು ಬರೆಯುವುದು. ನನ್ನ ಮಗಳಿಗೆ ಮುಂದೆ ಇಂಥ ಡ್ಯೂಟಿ ಬೀಳಬಹುದು. ಅದನ್ನು ಕೇಳಿದ ದಿನ ಅವಳು ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇಲ್ಲಿ ಒಂದು ವಿಚಿತ್ರ. ಮೈ ತಣ್ಣಗಾದರೆ ಬಿಸಿ ಮಾಡಬೇಕು ಅಂತಲೇ ಎಲ್ಲರೂ ಮಾಡುತ್ತಿದ್ದರಲ್ಲ. ಅಮೆರಿಕದಲ್ಲಿ 2015ರಲ್ಲಿ ಒಂದು ಪರೀಕ್ಷೆಯ ಫಲ ಬಂತು. ಕೆಲವು ದಾನಿಗಳನ್ನು ಬೇಕೆಂದೇ 34-35 ಡಿಗ್ರಿಯಲ್ಲಿ ತಣ್ಣಗೆ ಇಟ್ಟರು. ಅವರ ಕಿಡ್ನಿ ಪಡೆದವರಲ್ಲಿ ಮೊದಲ ವಾರ ಡಯಾಲಿಸಿಸ್ ಬೇಕಾದವರು 28 ಪರ್ಸೆಂಟ್. ಮಾಮೂಲಿನಂತೆ ಬೆಚ್ಚಗಿಟ್ಟವರ ಗುಂಪಿನಲ್ಲಿ 39. ಹೊಸ ಔಷಧಿ ಏನೂ ಬೇಡ, ಕಂಬಳಿ ಹೊದೆಸದಿದ್ದರೆ ಆಯಿತು ಅನ್ನುವ ಹಾಗೆ! ಆದರೆ 2023ರಲ್ಲಿ ಇನ್ನೊಂದು ಬಂತು. ಕಿಡ್ನಿ ತೆಗೆದ ಮೇಲೆ ಐಸ್ ಡಬ್ಬಿಯಲ್ಲಿ ಸುಮ್ನೆ ಇಡದೆ, ತಣ್ಣನೆಯ ದ್ರವವನ್ನು ಯಂತ್ರದಲ್ಲಿ ಅದರೊಳಗೆ ಹರಿಸುತ್ತಾ ಇಡುವುದು. ಮೈ ತಣ್ಣಗಿಡುವುದಕ್ಕಿಂತ ಇದೇ ಮೇಲು ಅಂತ ಗೊತ್ತಾಯಿತು. ಡಯಾಲಿಸಿಸ್ ಬೇಕಾದವರು ಮೈ ತಣ್ಣಗಿಟ್ಟ ಕಡೆ 30 ಪರ್ಸೆಂಟ್, ಯಂತ್ರದ ಕಡೆ 19. ನನ್ನದು ಐಸ್ ಡಬ್ಬಿಯಲ್ಲೇ ಬಂದದ್ದು.

ಐಸ್ ಡಬ್ಬಿ ಅಂದಾಗ ಅಕ್ಕನ ಕಥೆ ಹೇಳಬೇಕು. ಅಕ್ಕ ಅಂದರೆ ಸ್ವಂತ ಅಕ್ಕ ಅಲ್ಲ. ನನಗಿಂತ ಐದು ವರ್ಷ ದೊಡ್ಡವರು, ಅವತ್ತೇ ರಾತ್ರಿ ಅದೇ ಥಿಯೇಟರಿನಲ್ಲಿ ಅವರಿಗೂ ಕಿಡ್ನಿ ಹಾಕಿದರು. ಎರಡೂ ಒಬ್ಬ ದಾನಿಯದೇ ಅಂತ ಆಸ್ಪತ್ರೆಯವರು ಹೇಳುವುದಿಲ್ಲ, ಹೇಳಬಾರದು. ಆದರೆ ಇಬ್ಬರದೂ ಒಂದೇ ಗ್ರೂಪು, ಒಂದೇ ರಾತ್ರಿ. ಓ.ಪಿ.ಡಿ. ಬೆಂಚಿನ ಮೇಲೆ ಕೂತು ನಾವೇ ಕೂಡಿಸಿ ಕಳೆದು ಗುಟ್ಟು ಮಾಡಿಕೊಂಡಿದ್ದೇವೆ. ಅವರ ಕಿಡ್ನಿ ಎರಡನೇ ದಿನಕ್ಕೇ ಸುರಿಯತೊಡಗಿತ್ತು. ಅವರ ಕ್ರಿಯಾಟಿನಿನ್ 1.2. ನನ್ನದು 1.8.

ಒಬ್ಬರೇ ದಾನಿ, ಅದೇ ವಯಸ್ಸು, ಅದೇ ಬಿಪಿ. ಮತ್ತೆ ಯಾಕೆ ಹೀಗೆ? ಅವರದ್ದು ಮೊದಲು ಹಾಕಿದರು. ನನ್ನದು ಆಮೇಲೆ, ಐದಾರು ಗಂಟೆ ಜಾಸ್ತಿ ಐಸಿನಲ್ಲಿತ್ತು. ಐಸಿನಲ್ಲಿ ಹೊತ್ತು ಹೋದಷ್ಟೂ ಕಿಡ್ನಿ ಏಳುವುದು ತಡ, ವಯಸ್ಸಾದ ಕಿಡ್ನಿಗೆ ಆ ತಾಳ್ಮೆ ಇನ್ನೂ ಕಡಿಮೆ. ಇನ್ನೊಂದು, ಅಕ್ಕ 45 ಕೆ.ಜಿ., ನಾನು 78. ಒಂದು ಕಿಡ್ನಿಯಲ್ಲಿ ಸೋಸುವ ಗಂಟುಗಳು ಹೆಚ್ಚು ಕಡಿಮೆ ಹತ್ತು ಲಕ್ಷ ಇರುತ್ತವೆ, ವಯಸ್ಸಾಗುತ್ತಾ ಕಡಿಮೆಯಾಗುತ್ತವೆ. ಉಳಿದವು ಸಣ್ಣ ಮೈಗೆ ಸಾಕಾಗುತ್ತವೆ, ನನ್ನಂಥ ಆಳಿಗೆ ಏದುಸಿರು ಬಿಡುತ್ತವೆ. ಒಂದೇ ಎತ್ತು, ಒಬ್ಬರ ಮನೆಯಲ್ಲಿ ಖಾಲಿ ಗಾಡಿ, ಇನ್ನೊಬ್ಬರಲ್ಲಿ ಮೂಟೆ ಹೇರಿದ ಗಾಡಿ. ಈ ಮಾತು ಅಕ್ಕನದು. ನಾನು ಆಮೇಲೆ ಒಂಬತ್ತು ಕೆ.ಜಿ. ಇಳಿಸಿದೆ.

ಯುರೋಪಿನ ಕೆಲವು ದೇಶಗಳಲ್ಲಿ 1999ರಿಂದ 65 ದಾಟಿದವರ ಕಿಡ್ನಿಯನ್ನು 65 ದಾಟಿದವರಿಗೇ, ಹತ್ತಿರದ ಊರಿನವರಿಗೇ, ಬೇಗ ಹಾಕುತ್ತಾರಂತೆ. ಅಲ್ಲಿ ಹಿರಿಯರ ಕಿಡ್ನಿ ಬಿಸಾಡುವ ಮಾಲಲ್ಲ. ಅಮೆರಿಕದ್ದೇ 2001ರ ಒಂದು ಲೆಕ್ಕದಲ್ಲಿ, ಇಂಥ ಕಿಡ್ನಿ ಹಾಕಿಸಿಕೊಂಡವರು ಪಟ್ಟಿಯಲ್ಲೇ ಕಾಯುತ್ತಾ ಡಯಾಲಿಸಿಸ್‌ನಲ್ಲಿ ಉಳಿದವರಿಗಿಂತ ಸರಾಸರಿ ಐದು ವರ್ಷ ಜಾಸ್ತಿ ಬದುಕಿದರು ಅಂತಿದೆ. 24ರ ಕಿಡ್ನಿ ಪಡೆದವನ ಜೊತೆ ನನ್ನನ್ನು ಹೋಲಿಸಿಕೊಳ್ಳುತ್ತಿದ್ದೆನಲ್ಲ, ಅದು ತಪ್ಪು ತಕ್ಕಡಿ. ಎದುರಿನ ತಟ್ಟೆಯಲ್ಲಿ ಇಡಬೇಕಾದ್ದು ತಾಲ್ಲೂಕು ಆಸ್ಪತ್ರೆಯ ಆ ಯಂತ್ರ. ನನ್ನ ಜೊತೆ ಅಲ್ಲಿ ಪಕ್ಕದ ಬೆಡ್‌ನಲ್ಲಿದ್ದವರು, ಎಳೇ ಕಿಡ್ನಿಗೇ ಕಾಯ್ತೀನಿ ಅಂದವರು, ಇಬ್ಬರು ಈಗ ಇಲ್ಲ.

ನನ್ನ 1.8 ಮೂರು ವರ್ಷದಿಂದ ಅಲ್ಲೇ ಇದೆ. ಮೊದಲು ರಿಪೋರ್ಟ್ ಬಂದಾಗಲೆಲ್ಲ ಬೆವರುತ್ತಿದ್ದೆ. ಹೊಸದಾಗಿ ಬಂದ ಚಿಕ್ಕ ಡಾಕ್ಟರೊಬ್ಬರು "ಜಾಸ್ತಿ ಇದೆಯಲ್ಲ!" ಅಂದು ಗಾಬರಿ ಹುಟ್ಟಿಸಿದ್ದೂ ಇದೆ. ದೊಡ್ಡ ಡಾಕ್ಟರ್ ಹೇಳುವುದು ಒಂದೇ: "ಇದು ಇದರ ಊರು. ಇಲ್ಲಿಂದ ಹೊರಟ್ರೆ ಮಾತ್ರ ನಂಗೆ ಹೇಳಿ." ಬಿಪಿ ದಿನಾ ಬೆಳಗ್ಗೆ ಸಂಜೆ ಬರೆಯುತ್ತೇನೆ. ಆ ದಪ್ಪ ಗೋಡೆಯ ರಕ್ತನಾಳಗಳಿಗೆ ಇನ್ನೊಂದು ಎಂಟು ವರ್ಷದ ಬಿಪಿ ಹೊರಿಸಬಾರದಲ್ಲ. ಮೈ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ಬೆಳಗ್ಗೆ ಎಂಟು ಗಂಟೆಗೆ, ರಾತ್ರಿ ಎಂಟು ಗಂಟೆಗೆ. ಉಪ್ಪಿನಕಾಯಿ ಬಿಟ್ಟೆ. ಇದೊಂದು ಕಷ್ಟ.

ಹೆಂಡತಿ ಈ ಕಿಡ್ನಿಗೆ ಒಂದು ಹೆಸರು ಇಟ್ಟಿದ್ದಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡದು ಅಂತ "ಹಿರಿಯರು" ಅನ್ನುತ್ತಾಳೆ. ಮುಕ್ಕಾಲು ಲೀಟರ್ ಅಳೆದು ಕುಡಿಯುತ್ತಿದ್ದವನಿಗೆ ಈಗ ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕಾದ ಭಾಗ್ಯ. ಮಂಡಿಯಲ್ಲಿ ಲೆಕ್ಕದಲ್ಲಿ ಮುಳುಗಿದರೆ ಮರೆತೇ ಹೋಗುತ್ತದೆ. ಹನ್ನೊಂದು ಗಂಟೆಗೆ, ಮೂರು ಗಂಟೆಗೆ ಅವಳ ಫೋನ್ ಬರುತ್ತದೆ. ಪಕ್ಕದಲ್ಲಿ ರೈತರು ಕೂತಿರುತ್ತಾರೆ, ಅವರಿಗೆ ಕೇಳುವಷ್ಟು ಜೋರು ದನಿ. ಮೊದಲ ಸಲ ಕೇಳಿದ ಒಬ್ಬರು, ಪಿತೃಪಕ್ಷ ಮುಗಿದು ಎಷ್ಟು ದಿನ ಆಯ್ತು, ಇವರ ಮನೇಲಿ ಇನ್ನೂ ಮುಗಿದಿಲ್ವಾ ಅಂತ ನನ್ನ ಮುಖ ನೋಡಿದ್ದರು.

"ರೀ, ಹಿರಿಯರಿಗೆ ನೀರು ಕೊಟ್ರಾ?"